ಘಾಟಿಯ ಜ್ವರ

ನಮ್ಮ ಕಾರಿಗೆ ಜ್ವರ ಬರುವುದು ಘಾಟಿಯಲ್ಲಿ ಮಾತ್ರ. ಉಡುಪಿ ಪೇಟೆಯಲ್ಲಿ, ಮೇ ತಿಂಗಳ ನಡುಮಧ್ಯಾಹ್ನ, ಹಿಂದೊಂದು ಮುಂದೊಂದು ಬಸ್ಸು ಒತ್ತಿಕೊಂಡು ನಿಂತಿದ್ದರೂ ಹೀಟಿನ ಮುಳ್ಳು ಅರ್ಧದಿಂದ ಅಲ್ಲಾಡುವುದಿಲ್ಲ. ಹೆಬ್ರಿ ದಾಟಿ, ಸೋಮೇಶ್ವರ ಕಳೆದು, ಆಗುಂಬೆಯ ಏರು ಹಿಡಿದೆವೋ, ಮುಳ್ಳೂ ನಮ್ಮ ಜೊತೆ ಏರತೊಡಗುತ್ತದೆ. ಆಗುಂಬೆಗೆ ಹೇರ್‌ಪಿನ್ ತಿರುವು 14. ಏಳು ದಾಟುವುದರೊಳಗೆ ಬಾನೆಟ್ಟಿನ ಸಂದಿಯಿಂದ ಇಡ್ಲಿ ಅಟ್ಟದ ಹಬೆ.

ಗ್ಯಾರೇಜುಗಳಿರುವುದು ಸಮತಟ್ಟು ನೆಲದಲ್ಲಿ, ನಮ್ಮ ಕಷ್ಟದ ಮೂಲ ಅದೇ. ಶಾಲೆಯ ಗಂಟೆಗೆ ಸರಿಯಾಗಿ ಹೊಟ್ಟೆನೋವೆಂದು ಹೊರಳಾಡಿ, ಡಾಕ್ಟರ ಮುಂದೆ ಕೂತ ಕೂಡಲೇ ಕಾಲು ಆಡಿಸುವ ಹುಡುಗನ ಹಾಗೆ, ಕಾರು ಅಲ್ಲಿ ಪರಮ ಆರೋಗ್ಯದಿಂದ ಗುರುಗುಡುತ್ತಿತ್ತು. ಮೊದಲನೆಯವರು ಥರ್ಮೋಸ್ಟ್ಯಾಟನ್ನೇ ಕಿತ್ತು ಕೈಗಿಟ್ಟರು. ಎಂಜಿನ್ನಿನ ನೀರು 82 ಡಿಗ್ರಿಯ ಆಸುಪಾಸು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಬಾಗಿಲು ಅದು. “ನಮ್ಮ ಸೆಕೆಗೆ ಇದೆಲ್ಲ ಎಂತಕ್ಕೆ?” ಎಂದರು. ಕಾರು ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳಲು ಸತಾಯಿಸಿತು, ಪೆಟ್ರೋಲು ಜಾಸ್ತಿ ಕುಡಿಯಿತು, ಘಾಟಿಯಲ್ಲಿ ಯಥಾಪ್ರಕಾರ ಕುದಿಯಿತು. ಎರಡನೆಯವರು ರೇಡಿಯೇಟರ್ ತೊಳೆದು ಕಷಾಯದ ಬಣ್ಣದ ನೀರು ಇಳಿಸಿದರು. ಮೂರನೆಯವರು ಸರ್ಜನ್ನು. ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಎಂಜಿನ್ ಬಿಚ್ಚಬೇಕು ಎಂದರು. ಅದು ಹೋದರೆ ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಚಹಾದಂತಾಗುತ್ತದೆಂದು ಎಲ್ಲೋ ಓದಿದ್ದೆ. ಮುಚ್ಚಳ ತೆಗೆದು ನೋಡಿದರೆ ನಮ್ಮದು ಅಚ್ಚ ಕಪ್ಪು. “ಆದರೂ ಒಮ್ಮೆ ಬಿಚ್ಚಿ ನೋಡುವ” ಎಂದರು. ನಾನು ಕೀಲಿ ಇಸಿದುಕೊಂಡು ಬಂದೆ.

ಹೀಗಿರುವಾಗ ಶಿವಮೊಗ್ಗದಲ್ಲೊಂದು ಮದುವೆ. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗಳು. ಮುಂದೆ ಮಾವ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ನಾಲ್ಕನೆಯ ತಿರುವಿನಲ್ಲಿ ಮುಳ್ಳು ಎದ್ದಿತು. ನನಗೊಂದು ಉಪಾಯ ಗೊತ್ತಿತ್ತು: ಏಸಿ ಆರಿಸಿ ಹೀಟರ್ ಹಾಕುವುದು. ಎಂಜಿನ್ನಿನ ಬಿಸಿನೀರು ಹೀಟರಿನ ಕೊಳವೆಗಳಲ್ಲೂ ಸುತ್ತುವುದರಿಂದ ಅದೂ ಒಂದು ಮರಿ ರೇಡಿಯೇಟರೇ. ಎಂಜಿನ್ನಿಗೆ ತಂಪು, ಒಳಗಿದ್ದವರಿಗೆ ಬಿಸಿ. ಶಾಸ್ತ್ರ ಸರಿ. ಆದರೆ ಮೇ ತಿಂಗಳಲ್ಲಿ, ಮದುವೆಗೆ ಹೊರಟ ಮಾವನ ಎದೆಗೆ ನೇರ ಗುರಿಯಿಟ್ಟು ಬಿಸಿಗಾಳಿ ಬಿಡುವುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಮಾವ ಮೊದಲು ನನ್ನನ್ನು ನೋಡಿದರು. ಆಮೇಲೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಆಮೇಲೆ ಎರಡನೆಯದು. “ಇದು ಬೇಕಂತಲೇ ಮಾಡಿದ್ದೋ?” ಎಂದು ಕೇಳಿದರು. ಹೌದೆಂದೆ. ಮತ್ತೆ ಅವರು ಮಾತಾಡಲಿಲ್ಲ. ಹಿಂದಿನಿಂದ ಹೆಂಡತಿ ಅವರ ಪಾಲಿನದನ್ನೂ ಸೇರಿಸಿ ಆಡಿದಳು.

ಒಂಬತ್ತರಲ್ಲಿ ನಿಲ್ಲಿಸಲೇಬೇಕಾಯಿತು. ಬಾನೆಟ್ ಎತ್ತಿದ ಕಾರು ಕಂಡರೆ ನಮ್ಮ ಜನ ಮುಂದೆ ಹೋಗುವುದಿಲ್ಲ. ಒಬ್ಬರು ಫ್ಯಾನ್ ಎಂದರು, ಒಬ್ಬರು ವಾಟರ್ ಪಂಪ್ ಎಂದರು, ಕಾರಿನ ಪ್ರಾಯ ಕೇಳಿದ ಒಬ್ಬರು “ಮಾರಿಬಿಡಿ” ಎಂದರು. ಇನ್ನೊಬ್ಬರು ಟವೆಲು ಸುತ್ತಿಕೊಂಡು ರೇಡಿಯೇಟರ್ ಕ್ಯಾಪಿಗೇ ಕೈಹಾಕಿದರು. ಅವರ ಕೈಹಿಡಿದು ಎಳೆದೆ. ಆ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟಿರುವುದರಿಂದಲೇ ನೀರು 100 ದಾಟಿದರೂ ಕುದಿಯದೆ ಕೂತಿರುತ್ತದೆ. ತೆರೆದರೆ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಕಾದು, ಆರಿದ ಮೇಲೆ ತೆರೆದು ನೀರು ಹೊಯ್ದೆ. ಅಷ್ಟರಲ್ಲಿ ಮಗಳ ಕೈಯ ಬಾಳೆಹಣ್ಣು ಮಂಗಕ್ಕೆ ಸಂದಿತ್ತು. ಧಾರೆಯೂ ತಪ್ಪಿತು, ಊಟ ಸಿಕ್ಕಿತು.

ಮಾರನೆಯ ದಿನ ಇಳಿಯುವಾಗ ಕಾರಿಗೆ ಜ್ವರವಿಲ್ಲ. ಹೆಬ್ರಿಯ ಹತ್ತಿರ ಚಹಾಕ್ಕೆ ನಿಂತಾಗ ಪಕ್ಕದಲ್ಲೊಂದು ತಗಡಿನ ಮಾಡಿನ ಗ್ಯಾರೇಜು ಕಂಡಿತು. ಇದುವರೆಗೆ ಯಾರೂ ಕೇಳದ ಪ್ರಶ್ನೆಯನ್ನು ಅಲ್ಲಿನ ಹುಡುಗ ಕೇಳಿದ. “ಏರು ಹತ್ತುವಾಗ ಎಷ್ಟನೇ ಗೇರು?” ಮೊದಲನೆಯದು, ಎರಡನೆಯದು ಎಂದೆ. “ಹಾಗಾದ್ರೆ ಎಂಜಿನ್ ರೇಸಲ್ಲೇ ಇರ್ತದೆ. ನಿಂತಾಗ ನೋಡಿದ್ರೆ ಎಂತ ಗೊತ್ತಾಗ್ತದೆ ಮಾರಾಯ್ರೆ? ಸ್ಟಾರ್ಟಲ್ಲೇ ಇಡಿ.”

ಹತ್ತು ನಿಮಿಷ ಬಿಸಿಯಾಗಲು ಬಿಟ್ಟ. ಮತ್ತೆ ಬಗ್ಗಿ ಟಾರ್ಚು ಹಿಡಿದು, “ಒತ್ತಿ” ಎಂದ. ಮಗಳನ್ನು ಸೀಟಿನ ಪಕ್ಕ ನಿಲ್ಲಿಸಿ ನಾನು ಎಕ್ಸಲರೇಟರ್ ಒತ್ತಿದೆ. “ಇನ್ನೂ ಒತ್ತಿ. ಹಾಂ, ಹಾಗೇ ಇಡಿ. ಯಾರಾದ್ರೂ ಬನ್ನಿ, ನೋಡಿ.” ಮಾವ ಹೋಗಿ ಬಗ್ಗಿದರು. ರೇಡಿಯೇಟರಿನ ಅಡಿಯಿಂದ ಪಂಪಿಗೆ ಹೋಗುವ ಕೆಳಗಿನ ಹೋಸು, ಹೆಬ್ಬೆರಳಿಗಿಂತ ದಪ್ಪದ್ದು, ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತಂತೆ. ನಾನು ಕಾಲು ತೆಗೆದು ಓಡಿಬರುವುದರೊಳಗೆ ಅದು ಸಾಧುವಿನಂತೆ ದುಂಡಗೆ ಕೂತಿತ್ತು. ಮಗಳು ಬೊಂಡ ಕುಡಿಯುವಾಗ ಜೋರಾಗಿ ಎಳೆದರೆ ನೆನೆದ ಕಾಗದದ ಸ್ಟ್ರಾ ಮುಚ್ಚಿಕೊಳ್ಳುತ್ತದಲ್ಲ, ಅದೇ ಕತೆ. ರಬ್ಬರು ಮುದಿಯಾಗಿ ಮೆತ್ತಗಾಗಿತ್ತು. ಎಂಜಿನ್ ಜೋರಾಗಿ ತಿರುಗಿದಾಗ ಪಂಪು ಎಳೆಯುವ ರಭಸಕ್ಕೆ ನೀರಿನ ದಾರಿ ಕಟ್ಟುತ್ತಿತ್ತು. ಸಮತಟ್ಟಿನಲ್ಲಿ ಅಷ್ಟು ಜೋರಿಲ್ಲ, ರೋಗವೂ ಇಲ್ಲ.

ಹೊಸ ಹೋಸು ಹಾಕಿದ ಹುಡುಗ ಕೇಳಿದ್ದು, ಆ ಸರ್ಜನ್ ಮಹಾಶಯರು ಬರೀ ನೋಡುವುದಕ್ಕೆ ಕೇಳಿದ್ದರಲ್ಲಿ ನೂರನೆಯ ಒಂದು ಪಾಲೂ ಅಲ್ಲ. ಆಮೇಲೆ ನಾಲ್ಕು ಸಲ ಆಗುಂಬೆ ಹತ್ತಿದ್ದೇವೆ, 14 ತಿರುವಿಗೂ ಮುಳ್ಳು ಅರ್ಧದಲ್ಲೇ. ಮಾವ ಮಾತ್ರ ಸೋಮೇಶ್ವರ ಬಂತೆಂದರೆ ಈಗಲೂ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಕೊಳ್ಳುತ್ತಾರೆ.