ಅಡಿಯವರೇ, ಸಕ್ರಮವಾಗಿಬಿಡಿ

ಶ್ರೀಮಾನ್ ಅಡಿಯವರಿಗೆ,

ಬೆಂಗಳೂರಿನ ಒಬ್ಬ ಸೈಟ್ ಆಕಾಂಕ್ಷಿಯ ನಮಸ್ಕಾರಗಳು. ನಾವು ಕ್ಷೇಮ. ತಮ್ಮ ಕ್ಷೇಮಸಮಾಚಾರ ಕೇಳಬೇಕಾಗಿಯೇ ಇಲ್ಲ. 'ಚದರ ಅಡಿಗೆ ಇಷ್ಟೇ!' ಎಂದು ಪತ್ರಿಕೆಯ ಮುಖಪುಟ ತುಂಬ ಮಲಗಿ ದರ್ಶನ ಕೊಡುತ್ತಲೇ ಇರುತ್ತೀರಿ.

ತಾವು ದೇಶ ಬಿಟ್ಟು ಬಹಳ ಕಾಲವಾಯಿತೆಂದು ಕೆಲವರು ನಂಬಿದ್ದಾರೆ. ಪಾಪ, ಶಾಲೆಯಲ್ಲಿ ಓದಿದ್ದನ್ನು ನಿಜವೆಂದುಕೊಂಡವರು. 1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಕಾಯ್ದೆ ಮಾಡಿತು. ಮರುವರ್ಷ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ಆಣೆಯನ್ನು ಓಡಿಸಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಹಂತಹಂತವಾಗಿ ಅಂಗಡಿಯ ಕಟ್ಟೆ ಹತ್ತಿತು. ಸೇರು ಅಟ್ಟ ಸೇರಿತು. ಪಾವು, ಚಟಾಕುಗಳು ಅದರ ಹಿಂದೆ ಹೋದವು. ಚಿನ್ನದಂಥ ಚಿನ್ನವೇ ತೊಲ ಬಿಟ್ಟು ಗ್ರಾಮಿಗೆ ತಲೆಬಾಗಿತು. 2009ರಲ್ಲಿ ಕಾನೂನು ಮಾಪನಶಾಸ್ತ್ರ ಕಾಯ್ದೆ ಎಂಬ ಇನ್ನೂ ಗಟ್ಟಿ ಕಾಯ್ದೆ ಬಂತು. ಅದರ ಪ್ರಕಾರ ಉದ್ದಕ್ಕೆ ಮೀಟರೇ ಮಾನ; ಬೇರೆ ಅಳತೆಯಲ್ಲಿ ಬೆಲೆ ಹೇಳುವುದೂ ಸಲ್ಲದು, ಜಾಹೀರಾತು ಕೊಡುವುದೂ ಸಲ್ಲದು. ತಾವು ಮಾತ್ರ ಕೂತ ಜಾಗದಿಂದ ಕದಲಲಿಲ್ಲ. ಈ ಪತ್ರ ಮೊದಲಿಗೆ ಅದಕ್ಕೊಂದು ಅಭಿನಂದನೆ.

ತಮ್ಮ ಯಶಸ್ಸಿನ ಗುಟ್ಟು ನನಗೆ ಹೊಳೆದದ್ದು ತರಕಾರಿ ಸಂತೆಯಲ್ಲಿ. ಟೊಮೆಟೊ ಮಾರುವ ಹೆಂಗಸಿನ ತಕ್ಕಡಿಗೆ ಮುದ್ರೆ ಬೇಕು, ಬಟ್ಟಿಗೆ ಮುದ್ರೆ ಬೇಕು, ಆ ಮುದ್ರೆಯೂ ಹಳತಾಗಿರಕೂಡದು. ಐವತ್ತು ಗ್ರಾಂ ಕಡಿಮೆ ಬಂದರೆ ಗಿರಾಕಿಯೇ ಜಗಳಕ್ಕೆ ನಿಲ್ಲುತ್ತಾನೆ. ತಕ್ಕಡಿಗೆ ಹತ್ತುವ ವಸ್ತುವಿನ ಹಣೆಬರಹವೇ ಅದು. ತಾವು ಜಾಣರು, ತಕ್ಕಡಿಗೆ ಹತ್ತದ ಮಾಲುಗಳನ್ನೇ ಆರಿಸಿಕೊಂಡಿರಿ. ಭೂಮಿಯನ್ನು ಯಾವ ತಕ್ಕಡಿಗೆ ಹಾಕುತ್ತೀರಿ? ನದಿಗೆ ಎಲ್ಲಿ ಮುದ್ರೆ ಒತ್ತುತ್ತೀರಿ?

ಸಣ್ಣಪುಟ್ಟ ಕಡೆ ತಾವು ಮೀಟರಿನೊಂದಿಗೆ ಮಾಡಿಕೊಂಡಿರುವ ಸಮ್ಮಿಶ್ರ ಸರ್ಕಾರವನ್ನೂ ನೋಡಿದ್ದೇನೆ. ಪ್ಲೈವುಡ್ ಅಂಗಡಿಗೆ ಹೋಗಿ 'ಎಂಟು ನಾಲ್ಕು, ಹದಿನೆಂಟು ಎಂಎಂ' ಎಂದರೆ ಹುಡುಗ ಮರುಪ್ರಶ್ನೆ ಕೇಳದೆ ಹಲಗೆ ಎಳೆಯುತ್ತಾನೆ. ಉದ್ದ ಅಗಲ ತಮ್ಮದು, ದಪ್ಪ ಮೀಟರಿನ ಮರಿಯದು. ಕಾರಿನ ಟೈರಿನ ಮೇಲೆ 165/80 ಆರ್ 14 ಎಂದಿರುತ್ತದೆ. 165 ಮಿಲಿಮೀಟರ್ ಅಗಲದ ರಬ್ಬರು 14 ಇಂಚಿನ ಚಕ್ರವನ್ನು ತಬ್ಬಿಕೊಂಡು ಒಂದೇ ರಸ್ತೆಯಲ್ಲಿ ಓಡುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ಬಡಗಿಗಾಗಲಿ ಪಂಕ್ಚರ್ ಅಂಗಡಿಯವನಿಗಾಗಲಿ ಇದರಿಂದ ಒಂದು ಪೈಸೆಯ ಮೋಸವೂ ಆಗಿಲ್ಲ.

ತಮ್ಮ ಬಂಧು ಫ್ಯಾರನ್‌ಹೀಟ್ ಅವರ ಮೇಲೂ ಕೋಪವಿಲ್ಲ. ಹೊರಗಿನ ಬಿಸಿಲು ಸೆಲ್ಸಿಯಸ್ಸಿನಲ್ಲಿ, ಮೈಯ ಜ್ವರ ಫ್ಯಾರನ್‌ಹೀಟಿನಲ್ಲಿ ಎಂದು ನಾವು ಪಾಲುಪಟ್ಟಿ ಮಾಡಿಕೊಂಡಿದ್ದೇವೆ. ಮಗುವಿಗೆ 102 ಎಂದರೆ ಮನೆಯೆಲ್ಲ ಎದ್ದು ಕೂರುತ್ತದೆ. ಅದನ್ನೇ 38.9 ಎಂದು ಹೇಳಿ ನೋಡಿ, ಅಜ್ಜಿ ಕಷಾಯಕ್ಕೂ ಏಳುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಅದು ಮಾಮೂಲಿ ಮಧ್ಯಾಹ್ನ.

ತಮ್ಮ ದೆಸೆಯಿಂದ ದಶಮಾಂಶ ಚುಕ್ಕಿಗೆ ಬಂದಿರುವ ದುರ್ಗತಿ ಮಾತ್ರ ನೋಡಲಾಗುವುದಿಲ್ಲ. ವಧೂವರರ ಜಾಹೀರಾತಿನಲ್ಲಿ 5.9ರ ಹುಡುಗನಿಗಿಂತ 5.10ರ ಹುಡುಗ ಎತ್ತರ! ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಸರಿಯಾಗಿ ಎರಡೂವರೆ ಎಕರೆ. ವಾರಾಂತ್ಯದ ತೋಟ ಕೊಳ್ಳಲು ಲ್ಯಾಪ್‌ಟಾಪ್ ಹಿಡಿದು ಬರುವ ಎಂಜಿನಿಯರು ಅದನ್ನು ಎರಡು ಪಾಯಿಂಟ್ ಎರಡು ಎಂದು ಎಕ್ಸೆಲ್ ಶೀಟಿಗೆ ತುಂಬುತ್ತಾನೆ. ಹನ್ನೆರಡು ಗುಂಟೆ ಚುಕ್ಕಿಯ ಸಂದಿಯಲ್ಲಿ ಮಾಯ. ಘಟ್ಟ ಇಳಿದರೆ ಗುಂಟೆಯೂ ಇಲ್ಲ, ಮಂಗಳೂರಿನ ಕಡೆ ಸೆಂಟ್ಸ್. ಒಂದು ಗುಂಟೆ 1,089 ಚದರ ಅಡಿ, ಒಂದು ಸೆಂಟು 435.6 ಚದರ ಅಡಿ. ಒಂದೇ ರಾಜ್ಯ, ಒಂದೇ ಕಂದಾಯ ಇಲಾಖೆ. ಎಲ್ಲಿಗೆ ಹೋದರೂ ಕೊನೆಗೆ ಬಂದು ಬೀಳುವುದು ತಮ್ಮ ಕಾಲಿಗೇ.

ಈಗ ನಮ್ಮ ನಗರಕ್ಕೆ ಬನ್ನಿ. ಸರ್ಕಾರಿ ಬಡಾವಣೆಯ ಕಾಗದದಲ್ಲಿ ನಿವೇಶನ 9 ಮೀಟರಿಗೆ 12 ಮೀಟರ್. ಕಾನೂನಿಗೆ ತಕ್ಕ ಅಳತೆ, ಸಂತೋಷ. ಊರೆಲ್ಲ ಅದನ್ನು ಕರೆಯುವುದು 'ಥರ್ಟಿ ಫಾರ್ಟಿ' ಎಂದು. ಗುಣಾಕಾರ ಮಾಡಿ ನೋಡಿ: 108 ಚದರ ಮೀಟರ್ ಅಂದರೆ 1,162 ಚದರ ಅಡಿ ಮತ್ತು ಚಿಲ್ಲರೆ. ಥರ್ಟಿ ಫಾರ್ಟಿಯ 1,200ಕ್ಕೆ ಇನ್ನೂ 37 ಅಡಿ ಮೇಲ್ಪಟ್ಟು ಬೇಕು. ಒಂದು ಸಾಧಾರಣ ಬಚ್ಚಲಮನೆ ಪರಿವರ್ತನೆಯಲ್ಲೇ ಕೊಚ್ಚಿಹೋಯಿತು. ಬ್ರೋಕರ್ ಅಣ್ಣನನ್ನು ಕೇಳಿದರೆ, 'ಅಷ್ಟೆಲ್ಲ ನೋಡಿದ್ರೆ ಸೈಟ್ ತಗೊಳಕ್ಕಾಗಲ್ಲ ಸಾರ್' ಎನ್ನುತ್ತಾನೆ. ನಿಜ, ನೋಡದವರಷ್ಟೇ ತೆಗೆದುಕೊಂಡಿದ್ದಾರೆ.

ಫ್ಲಾಟಿನ ವಿಷಯದಲ್ಲಂತೂ ತಾವು ಮಹಿಮಾಪುರುಷರು. 'ಸೂಪರ್ ಬಿಲ್ಟ್‌-ಅಪ್' ಎಂಬ ಹೆಸರಿನಲ್ಲಿ ಲಿಫ್ಟಿನ ಗುಂಡಿ, ಮೆಟ್ಟಿಲು, ವಾಚ್‌ಮನ್ ಕುರ್ಚಿ ಹಾಕುವ ಜಾಗ ಎಲ್ಲವೂ ನನ್ನ ಮಲಗುವ ಕೋಣೆಯ ಲೆಕ್ಕಕ್ಕೆ ಸೇರುತ್ತವೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಲೇಬೇಕೆಂದಿತು. ಹೇಳುತ್ತಾರೆ, ಭೂತಗನ್ನಡಿ ಹಿಡಿದರೆ ಕಾಣುವಂತೆ ಹೇಳುತ್ತಾರೆ.

ಗಾಂಧಿಬಜಾರಿನ ಹೂವಾಡಗಿತ್ತಿಯನ್ನು ಒಮ್ಮೆ ನೋಡಿಬನ್ನಿ ಎಂದು ನನ್ನ ಸವಿನಯ ಸೂಚನೆ. ಮೊಣಕೈಯಿಂದ ನಡುಬೆರಳ ತುದಿಗೆ ಮಲ್ಲಿಗೆ ಹಿಡಿದು ಒಂದು ಮೊಳ ಎನ್ನುತ್ತಾಳೆ. ಕಾಯ್ದೆಯ ಕಣ್ಣಲ್ಲಿ ಅವಳ ಮೊಳವೂ ತಮ್ಮಷ್ಟೇ ಅಕ್ರಮ. ಆದರೆ ಅವಳ ಅಳತೆಕೋಲು ಗಿರಾಕಿಯ ಕಣ್ಣೆದುರಿಗೇ ಇದೆ, ಹೂವೂ ಅಲ್ಲೇ ಇದೆ. 'ಕೈ ಸಣ್ಣದಾಯ್ತಲ್ಲಮ್ಮ' ಎಂದು ಗೊಣಗಿದರೆ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸುತ್ತಾಳೆ. ಬಿಲ್ಡರ್ ಇದುವರೆಗೆ ಯಾರಿಗಾದರೂ ನಾಲ್ಕು ಬೆರಳು ಕೊಸರು ಬಿಟ್ಟಿದ್ದಾನೆಯೇ?

ಇನ್ನು ಕಾವೇರಿ. ಮಳೆಗಾಲ ಬಂತೆಂದರೆ ಕೃಷ್ಣರಾಜಸಾಗರದ ನೀರು 124.80 ಅಡಿ ಮುಟ್ಟಿತೇ ಎಂದು ಮಂಡ್ಯದಿಂದ ವಿಧಾನಸೌಧದವರೆಗೆ ಎಲ್ಲರೂ ತಮ್ಮ ಮೇಲೇ ಕಣ್ಣಿಟ್ಟಿರುತ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕೆಂದಿತು, ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಅಣೆಕಟ್ಟಿನಲ್ಲಿರುವಾಗ ಅಡಿಯಲ್ಲಿದ್ದ ಅದೇ ನೀರು ನಮ್ಮ ನಲ್ಲಿಗೆ ಬರುವಷ್ಟರಲ್ಲಿ ಲೀಟರ್ ಆಗಿ, ಬಿಲ್ಲಿನಲ್ಲಿ ಕಿಲೋಲೀಟರ್ ಆಗಿರುತ್ತದೆ. ವಸೂಲಿಗೆ ಮೆಟ್ರಿಕ್, ಹಂಚಿಕೆಗೆ ಅಡಿ! ಲೀಟರ್ ಎಂದರೆ ಜನ ಬಿಂದಿಗೆ ಲೆಕ್ಕ ಹಾಕಿ, ಎಲ್ಲಿ ಸೋರಿತು ಎಂದು ಕೇಳುತ್ತಾರೆ. ಟಿಎಂಸಿ ಎಂದರೆ ಘೋಷಣೆ ಕೂಗಿ ಮನೆಗೆ ಹೋಗುತ್ತಾರೆ. ಯಾರಿಗೆ ಯಾವುದು ಅನುಕೂಲವೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೊಂದು ಮನೆಯ ಮಾತು, ಬೇಸರಿಸಬೇಡಿ. 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ತಮ್ಮ ತವರಿನವರೇ ಕೂತು ಒಂದು ಗಜವೆಂದರೆ 0.9144 ಮೀಟರ್ ಎಂದು ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ತಾವು 0.3048 ಮೀಟರ್, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ತಮಗೀಗ ಸ್ವಂತ ಬುನಾದಿಯೇ ಇಲ್ಲ. ಮೀಟರಿನ ಜಾಗದಲ್ಲಿ ಮನೆ ಕಟ್ಟಿಕೊಂಡು, ಹಕ್ಕುಪತ್ರವಿಲ್ಲದೆ, ಎಲ್ಲರಿಗಿಂತ ಜೋರಾಗಿ ಬಾಳುತ್ತಿದ್ದೀರಿ.

ಇಂಥವರಿಗೆಂದೇ ನಮ್ಮಲ್ಲಿ ಅಕ್ರಮ-ಸಕ್ರಮ ಎಂಬ ದೊಡ್ಡ ಮನಸ್ಸಿನ ಪದ್ಧತಿಯಿದೆ. ಅರ್ಜಿ ಹಾಕಿ. ಷರತ್ತುಗಳು ಮೂರೇ. ಒಂದು, ಚದರ ಅಡಿ ಎಂದು ಬರೆದಲ್ಲೆಲ್ಲ ಚದರ ಮೀಟರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು, ಅದೂ ಗೋಡೆಯೊಳಗಿನ ಜಾಗಕ್ಕೆ ಮಾತ್ರ. ಎರಡು, ಅಡಿಗೂ ಇಂಚಿಗೂ ನಡುವೆ, ಎಕರೆಗೂ ಗುಂಟೆಗೂ ನಡುವೆ ಚುಕ್ಕಿ ಇಡಕೂಡದು. ಮೂರು, ಟಿಎಂಸಿ ಎಂದವರು ಅದೇ ಉಸಿರಿನಲ್ಲಿ ಲೀಟರನ್ನೂ ಹೇಳಬೇಕು. ಒಪ್ಪಿದರೆ ಪಕ್ಕದ ಮನೆಯವರಂತೆ ಇದ್ದುಬಿಡಿ, ಒಕ್ಕಲೆಬ್ಬಿಸುವ ಮಾತಿಲ್ಲ. ದಂಡವಾಗಿ ಆ ಕೊಚ್ಚಿಹೋದ ಬಚ್ಚಲಮನೆಯನ್ನು ಹಿಂದಿರುಗಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಇನ್ನೂ ಸೈಟಿಲ್ಲದ ಒಬ್ಬ ನಾಗರಿಕ

ವಿ.ಸೂ.: ಅರ್ಜಿ ಎ4 ಹಾಳೆಯಲ್ಲೇ ಇರಬೇಕು, ಅಂದರೆ 210 × 297 ಮಿ.ಮೀ. ಎಡಗಡೆ ಒಂದು ಇಂಚು ಮಾರ್ಜಿನ್ ಬಿಡದಿದ್ದರೆ ಗುಮಾಸ್ತರು ವಾಪಸು ಕಳಿಸುತ್ತಾರೆ.