ಕೇಳಿಸಿಕೊಳ್ಳದೆ ಕೇಳುವ ಕ್ರಮ

ನೀಲಗಿರಿಯ ಆದಿವಾಸಿಗಳ ಆರೋಗ್ಯ ಸುಧಾರಿಸಲು ಅವರನ್ನೂ ಕೂರಿಸಿಕೊಂಡು ಯೋಜನೆ ಮಾಡಿ ಎಂಬ ಸುತ್ತೋಲೆ ನಿಮಗೆ ಬಂದಿದೆಯೆ? ಗಾಬರಿ ಬೇಡ. ಮೊದಲು ಸಭೆಯ ಜಾಗ ಗೊತ್ತುಮಾಡಿ. ಊಟಿಯೇ ಸರಿ, ಬೆಳಿಗ್ಗೆ ಹತ್ತಕ್ಕೆ. ಗೂಡಲೂರಿನವರಿಗೆ ಅದು ಸುಮಾರು 50 ಕಿಲೋಮೀಟರ್ ಘಾಟಿ. ಮಸಿನಗುಡಿಯವರಿಗೆ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವು. ಹಾಡಿಯಿಂದ ಟಾರು ರಸ್ತೆಗೆ ನಡೆದು ಬರಬೇಕು, ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವ ತನಕ ಕಾಯಬೇಕು. ಅವರು ಬಂದು ಮುಟ್ಟುವ ಹೊತ್ತಿಗೆ ನೀವು ಊಟಕ್ಕೆ ಎದ್ದಿರಿ. ದಿನದ ಕೂಲಿ ಹೋಯಿತು ಎಂದು ಯಾರಾದರೂ ಗೊಣಗಿದರೆ ಸಮೋಸ ಕೊಡಿ.

ಪಟ್ಟಿ ಚಿಕ್ಕದಿರಲಿ. ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಎಂದು ತಮಿಳುನಾಡಿನ ಆರೂ ವಿಶೇಷ ದುರ್ಬಲ ಬುಡಕಟ್ಟುಗಳು ಈ ಒಂದೇ ಜಿಲ್ಲೆಯಲ್ಲಿವೆ. ಆರಕ್ಕೂ ಸೇರಿ ಒಬ್ಬರು ಸಾಕು. ತೋಡರವರನ್ನೇ ಕರೆಯಿರಿ; ಕೆಂಪು-ಕಪ್ಪು ಕಸೂತಿಯ ಹೊದಿಕೆ ಫೋಟೋದಲ್ಲಿ ಚೆನ್ನಾಗಿ ಬೀಳುತ್ತದೆ. ಪಣಿಯರು ತೋಟದ ಕೂಲಿಗೆ ಹೋಗಿರುತ್ತಾರೆ, ಅವರಿಗೆ ತೊಂದರೆ ಕೊಡಬೇಡಿ.

ಪರದೆಯ ಮೇಲೆ ಇಂಗ್ಲಿಷ್ ಇರಲಿ, ಮೈಕಿನಲ್ಲಿ ಕಚೇರಿಯ ತಮಿಳು. ಜೇನುಕುರುಬರ, ಬೆಟ್ಟಕುರುಬರ ಮಾತಿಗೆ ಕನ್ನಡದ ನಂಟಿದೆ. ನೀವು ಗುಂಡ್ಲುಪೇಟೆ ಕಡೆಯವರಾದರೆ ಅರ್ಧಕ್ಕರ್ಧ ತಿಳಿದೇ ತಿಳಿಯುತ್ತದೆ. ತಿಳಿದದ್ದನ್ನು ಮುಖದ ಮೇಲೆ ತೋರಿಸಬೇಡಿ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಾ, ‘ರಾತ್ರಿ ಹೆರಿಗೆ ನೋವು ಬಂದ್ರೆ ಜೀಪಿನವ್ನು ಬರಲ್ಲ, ಬಂದ್ರೂ ಕೇಳಿದಷ್ಟು ಕೊಡ್ಬೇಕು, ಆಸ್ಪತ್ರೇಲಿ ನಮ್ಮನ್ನ ಆಚೆಗೇ ನಿಲ್ಲಿಸ್ತಾರೆ’ ಎನ್ನಬಹುದು. ತಡೆಯಬೇಡಿ, ತಲೆಯಾಡಿಸಿ. ನಡಾವಳಿಯಲ್ಲಿ ‘ಸಮುದಾಯವು ಯೋಜನೆಯನ್ನು ಸ್ವಾಗತಿಸಿತು’ ಎಂದು ಬರೆದು, ಕೆಳಗೆ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ. ಶಾಯಿ ಒರೆಸಿಕೊಳ್ಳಲು ಒಂದು ಚೂರು ಕಾಗದ ಕೊಡಿ, ಸೌಜನ್ಯ ಮುಖ್ಯ.

ಈಗ ಕಾಯಿಲೆ ಆರಿಸಿಕೊಳ್ಳಿ. ಕುಡಗೋಲು ಕಣ ರಕ್ತಹೀನತೆ ಒಳ್ಳೆಯದು, ಹೆಸರಿನಲ್ಲೇ ಗಾಂಭೀರ್ಯವಿದೆ. ನೀಲಗಿರಿಯ ಆದಿವಾಸಿಗಳ ರಕ್ತದಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ಇದನ್ನು ಕಂಡದ್ದು 1952ರಲ್ಲಿ. ರಾಷ್ಟ್ರೀಯ ನಿರ್ಮೂಲನ ಮಿಷನ್ ಶುರುವಾದದ್ದು 2023ರ ಜುಲೈನಲ್ಲಿ, ಗಡುವು 2047. ಅವಸರವೇ ಅಪಘಾತಕ್ಕೆ ಕಾರಣ. ರಕ್ತ ತೆಗೆಯಿರಿ, ಫಲಿತಾಂಶದ ಕಾರ್ಡ್ ಹಂಚಿ, ಹಂಚಿದ ಕಾರ್ಡುಗಳನ್ನು ಸಾಧನೆಯ ಕಾಲಮ್ಮಿನಲ್ಲಿ ತುಂಬಿ. ಈ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕೆಂದು ಹಟ ಹಿಡಿಯಬೇಡಿ. ವಾಹಕ ಎಂದರೆ ರೋಗಿಯಲ್ಲ, ಇಬ್ಬರು ವಾಹಕರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ ಎಂಬುದನ್ನು ಜಗಲಿಯಲ್ಲಿ ಕೂತು ಅವರ ಮಾತಿನಲ್ಲೇ ಬಿಡಿಸಿ ಹೇಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಎಷ್ಟೊಂದು ಕಾರ್ಡ್ ಮುದ್ರಿಸಬಹುದು! ಗಂಟುಗಂಟಿನ ನೋವಿನಿಂದ ಕೆಲಸ ತಪ್ಪಿಸಿದವನನ್ನು ಸೋಮಾರಿ ಎನ್ನಿ. ಆ ರೋಗನಿರ್ಣಯಕ್ಕೆ ಲ್ಯಾಬು ಬೇಕಿಲ್ಲ.

ಬಿಡುವಿದ್ದರೆ ಮೇಲಧಿಕಾರಿಗಳನ್ನು ತೆಪ್ಪಕಾಡಿನ ಆನೆ ಶಿಬಿರಕ್ಕೆ ಕರೆದೊಯ್ಯಿರಿ. ಅಲ್ಲಿ ಒಂದೊಂದು ಆನೆಗೂ ಇಷ್ಟು ರಾಗಿ, ಇಷ್ಟು ಹುರುಳಿ ಎಂದು ಲೆಕ್ಕವಿದೆ, ಪಶುವೈದ್ಯರಿದ್ದಾರೆ. ಆ ಮುದ್ದೆ ಕಟ್ಟಿ ತಿನ್ನಿಸುವ ಆದಿವಾಸಿ ಮಾವುತನ ಹಿಮೋಗ್ಲೋಬಿನ್ ಎಷ್ಟೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೆ ಆ ಶಿಬಿರದ ಸಾಕ್ಷ್ಯಚಿತ್ರಕ್ಕೆ ಬಂದ 2023ರ ಆಸ್ಕರಿನ ಕಡೆಗೆ ಮಾತು ತಿರುಗಿಸಿ.

ಕಟ್ಟಡದ ಬಗ್ಗೆ ಧಾರಾಳವಾಗಿ ಮಾತಾಡಿ. 2025ರಲ್ಲಿ ಊಟಿಯಲ್ಲಿ 700 ಹಾಸಿಗೆಯ ಸರ್ಕಾರಿ ಆಸ್ಪತ್ರೆ ಬಂದಿದೆ, ಅದರಲ್ಲಿ 50 ಆದಿವಾಸಿಗಳಿಗೆಂದೇ. ಹಾಸಿಗೆ ಎಣಿಸಿ, ಹಾಡಿಯಿಂದ ಹಾಸಿಗೆಯ ತನಕದ ದಾರಿ ಎಣಿಸಬೇಡಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗೂಡಲೂರಿನಲ್ಲಿ ಆದ ಅನಾಹುತ ನಿಮ್ಮಲ್ಲಿ ಆಗಕೂಡದು. ಅಲ್ಲಿ ಅಕಾರ್ಡ್ ಸಂಸ್ಥೆಯ ಒತ್ತಾಸೆಯಲ್ಲಿ ಹಾಡಿಗೊಂದು ಸಂಘ ಎದ್ದಿತು. 1988ರ ಡಿಸೆಂಬರಿನಲ್ಲಿ ಸಾವಿರಾರು ಆದಿವಾಸಿಗಳು ಭೂಮಿಯ ಹಕ್ಕು ಕೇಳಿ ಪೇಟೆಯಲ್ಲಿ ಮೆರವಣಿಗೆ ನಡೆದರು. ದೇವದಾಸನ್ ವೈದ್ಯ ದಂಪತಿ ಹಾಡಿಯವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡಿದರು. ಜನ ಅಷ್ಟಕ್ಕೇ ಸುಮ್ಮನಿರಬೇಡವೆ? ನಮ್ಮದೇ ಆಸ್ಪತ್ರೆ ಬೇಕೆಂದು ಕೂತರು. 1990ರಲ್ಲಿ ಅಶ್ವಿನಿ ಸಂಸ್ಥೆಯ ಗೂಡಲೂರು ಆದಿವಾಸಿ ಆಸ್ಪತ್ರೆ ತೆರೆಯಿತು. ಹಾಡಿಯ ಹುಡುಗಿಯರು ಕಲಿತು ನರ್ಸುಗಳಾದರು, ಆರೋಗ್ಯ ವಿಮೆ ಬಂತು, ಆಡಳಿತದ ಕುರ್ಚಿಗೂ ಅವರೇ ಬಂದರು. ಇತ್ತ ಬಿಳಿಗಿರಿರಂಗನ ಬೆಟ್ಟದಲ್ಲೂ ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿ ಇದೇ ಎಡವಟ್ಟು ಮಾಡಿದೆ. ರೋಗಿಯೂ ನರ್ಸೂ ಒಂದೇ ಮಾತಾಡತೊಡಗಿದರೆ ನಡುವೆ ತಜ್ಞನಿಗೆ ಏನು ಕೆಲಸ? ಆದ್ದರಿಂದ ಬಜೆಟ್ಟಿನ ಹಾಳೆಯನ್ನು ಸಭೆಯಲ್ಲಿ ಅಪ್ಪಿತಪ್ಪಿಯೂ ಹಂಚಬೇಡಿ.

ಮುಂದಿನ ಸಭೆಯನ್ನು ಜುಲೈಗೆ ಇಡಿ. ಗೂಡಲೂರಿಗೆ ಮಳೆ ಹಿಡಿದಿರುತ್ತದೆ, ಘಾಟಿಯಲ್ಲಿ ಮರವೋ ಗುಡ್ಡವೋ ಬಿದ್ದಿರುತ್ತದೆ. ಹನ್ನೊಂದರ ತನಕ ಕಾಯಿರಿ. ಯಾರೂ ಬಾರದಿದ್ದರೆ ‘ಆಕ್ಷೇಪಣೆ ಇಲ್ಲ’ ಎಂದು ಬರೆದು, ಸಹಿ ಹಾಕಿ ಕಳಿಸಿ.