ಸಮುದ್ರದಿಂದ ಬರಬೇಕಾದ ಬಾಕಿ

ತೊಗರಿ ರಾಶಿ ಮುಗಿದು, ಚೀಲಗಳು ಗಂಜ್ ಮಾರುಕಟ್ಟೆಗೆ ಹೋಗಿ, ರೊಕ್ಕ ಕೈಗೆ ಬಂದ ವಾರಕ್ಕೆ ಜಿಡಗಾದ ಕಟ್ಟೆಯ ಮೇಲೆ ಟ್ರಿಪ್ ಕಾಕಾ ಉದ್ಭವಿಸುತ್ತಾನೆ. ಉಳಿದ ಹನ್ನೊಂದು ತಿಂಗಳು ಅವನೂ ನಮ್ಮಂತೆ ಮಳೆಗೂ ರೇಟಿಗೂ ಬೈಯುತ್ತ ಕೂತವನೇ. ಆಳಂದದಿಂದ ಜೇವರ್ಗಿವರೆಗೆ ಯಾವ ಊರಿಗೆ ಹೋದರೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಎದೆ ಕಿಸೆಯಲ್ಲಿ ನೀಲಿ, ಕೆಂಪು ಎರಡು ಪೆನ್ನು, ಕಂಕುಳಲ್ಲಿ ಲೆಕ್ಕದ ವಹಿ, ಬಾಯಲ್ಲಿ ‘ತಲಿಗಿಷ್ಟು’ ಎಂಬ ಮಂತ್ರ. ಗುರುತು ಹಿಡಿಯುವುದು ಕಷ್ಟವಲ್ಲ.

ಹೋದ ವರ್ಷ ಒಂದು ಕ್ರೂಸರ್, ಹದಿನಾರು ಮಂದಿ. ಇಷ್ಟು ಮಂದಿ ಹಿಡಿಯಲ್ಲ ಎಂದು ಡ್ರೈವರ್ ತಕರಾರು ತೆಗೆದ. “ಅದು ಗಾಡಿ ಮಾಡಿದವರ ಲೆಕ್ಕ ತಮ್ಮಾ, ಇದು ನಮ್ಮ ಲೆಕ್ಕ” ಎಂದು ಕಾಕಾ ಬಾಗಿಲು ಎಳೆದುಕೊಂಡ. ಮಠದ ಕಡೆ ಕೈಮುಗಿದು ಹೊರಟೆವು. ಮೇಲೆ ಗ್ಯಾಸಿನ ಒಲೆ, ನಾನೂರು ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ. ನನ್ನ ತೊಡೆಯ ಮೇಲೆ ಕಾಕಾನ ತಾಮ್ರದ ಚಂಬು. ಅದು ಗಾಣಗಾಪುರದ ಸಂಗಮದಲ್ಲಿ ಭೀಮಾ, ಅಮರ್ಜಾ ಎರಡೂ ನೀರು ಕಂಡ ಚಂಬು. ಹೀಗಾಗಿ ಅದಕ್ಕೂ ಒಂದು ಸೀಟು ಬೇಕೆಂದು ಅವನ ವಾದ.

ಅಫಜಲಪುರ, ಸಿಂದಗಿ, ವಿಜಯಪುರ, ಹುಬ್ಬಳ್ಳಿ ದಾಟುವಷ್ಟರಲ್ಲಿ ರಾತ್ರಿ ಕಳೆಯಿತು. ಅರಬೈಲ್ ಘಟ್ಟ ಇಳಿಯುವಾಗ ಎಚ್ಚರಾದ ಕಾಕಾ ಎರಡೂ ಬದಿ ನೋಡಿದ. “ಇಷ್ಟ್ ಗಿಡ ಯಾರ್ ಹಚ್ಯಾರ? ನೀರ್ ಯಾರ್ ಹಾಕ್ತಾರ?” ಯಾರೂ ಹಾಕುವುದಿಲ್ಲ ಎಂದು ಡ್ರೈವರ್ ಅಂದದ್ದನ್ನು ಅವನು ಇವತ್ತಿಗೂ ನಂಬಿಲ್ಲ.

ಗೋಕರ್ಣದ ದಂಡೆಯಲ್ಲಿ ಹೆಂಗಸರು ಮೊದಲು ಕೈಮುಗಿದರು, ಹುಡುಗರು ಮೊದಲು ಮೊಬೈಲ್ ತೆಗೆದರು, ಕಾಕಾ ಮೊದಲು ಅಳತೆ ಹಾಕಿದ.

“ಇಷ್ಟ್ ನೀರ್ ಅದ. ಒಂದ್ ಎಕರಿಗ್ಯಾದ್ರೂ ಹಾಯ್ತದೇನು?”

“ಉಪ್ಪುನೀರ್ ಅದ ಕಾಕಾ.”

“ಅಂದ್ರ ಕೆಲ್ಸ ಅರ್ಧಕ್ಕೇ ಬಿಟ್ಟಾರ.”

ಆತ್ಮಲಿಂಗದ ಕತೆಯಲ್ಲೂ ಅವನಿಗೆ ತಪ್ಪು ಕಂಡದ್ದು ರಾವಣನದೇ. ಅಷ್ಟು ತಪಸ್ಸು ಮಾಡಿ ಗಳಿಸಿದ್ದನ್ನು ದಾರಿಯಲ್ಲಿ ಸಿಕ್ಕ ಹುಡುಗನ ಕೈಗೆ ಕೊಟ್ಟು ಸಂಧ್ಯಾವಂದನೆಗೆ ಹೋಗುವುದೆಂದರೇನು? “ನಾ ಆಗಿದ್ರ ಚೀಟಿ ಬರಿಸ್ಕೋತಿದ್ದೆ.” ಮಧ್ಯಾಹ್ನ ಹೋಟೆಲಿನಲ್ಲಿ ದಪ್ಪ ಕುಚ್ಚಲಕ್ಕಿ ಅನ್ನ ಬಂದಾಗ ಒಂದು ಅಗುಳು ಬೆರಳಲ್ಲಿ ಒತ್ತಿ ನೋಡಿ, ಸುಮ್ಮನೆ ಗಾಡಿಗೆ ಹೋಗಿ ರೊಟ್ಟಿ ತಂದ. ನಾವೂ ತಂದೆವು, ಅದನ್ನೇನು ಮುಚ್ಚಿಡುವುದು.

ಮುರ್ಡೇಶ್ವರದಲ್ಲಿ ಶಿವನ ಮೂರ್ತಿ 123 ಅಡಿ ಎಂದು ನಾನು ಓದಿ ಹೇಳಿದೆ. “ನನ್ನ ಬೋರ್ ನಾನೂರ್ ಫೂಟ್ ಹೋಗ್ಯಾದ. ಶಿವ ಅಲ್ಲೂ ಸಿಗ್ಲಿಲ್ಲ, ನೀರೂ ಸಿಗ್ಲಿಲ್ಲ” ಎಂದು ನಿಟ್ಟುಸಿರಿಟ್ಟ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟಿನಲ್ಲಿ ಹತ್ತಿದ ಮೇಲೆ, ಇಳಿಯುವುದಕ್ಕೂ ಅದೇ ಟಿಕೆಟ್ ನಡೆಯುತ್ತದೆಂದು ಖಾತ್ರಿಯಾಗುವವರೆಗೆ ಕಿಟಕಿಯ ಬಳಿ ಹೋಗಲಿಲ್ಲ.

ಅವನ ಮನಸ್ಸು ಗೆದ್ದದ್ದು ಕುಮಟಾ ಹತ್ತಿರದ ಮಿರ್ಜಾನ್ ಕೋಟೆ. ಅಘನಾಶಿನಿ ದಂಡೆಯ ಆ ಕೆಂಪು ಜಂಬಿಟ್ಟಿಗೆಯ ಗೋಡೆ, ಕಂದಕ, ಬುರುಜುಗಳಿಂದಲ್ಲ. ನಮ್ಮ ಕಲಬುರಗಿ ಕೋಟೆಯ 29 ಅಡಿ ತೋಪಿನ ಮುಂದೆ ಇದೇನು ಎಂದು ಬಾಗಿಲಲ್ಲೇ ತೀರ್ಪು ಕೊಟ್ಟಿದ್ದ. ಆದರೆ ಗೇರುಸೊಪ್ಪೆಯ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಇಲ್ಲಿಂದ ಹಡಗಿಗೆ ಮೆಣಸು ತುಂಬಿಸುತ್ತಿದ್ದಳು, ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದೇ ಕರೆದರು ಎಂದಾಗ ಕಾಕಾ ಹುಲ್ಲಿನ ಮೇಲೆ ಕೂತುಬಿಟ್ಟ.

“ಅಡತಿ ಎಷ್ಟ್ ಹಿಡೀತಿದ್ರು?”

“ಅವಳೇ ರಾಣಿ ಕಾಕಾ, ಅವಳಿಗ್ಯಾರ್ ಅಡತಿ ಹಿಡೀತಾರ?”

ಬಹಳ ಹೊತ್ತು ಮಾತಾಡಲಿಲ್ಲ. ಎದ್ದು ಹೋಗುವಾಗ ಬಾಗಿಲ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಗುಡಿಯಲ್ಲಿ ಕೂಡ ಅಷ್ಟು ಭಕ್ತಿ ನಾನು ಕಂಡಿರಲಿಲ್ಲ.

ಕೊನೆಯ ದಿನ ಬೆಳಗ್ಗೆ ಸಮುದ್ರಸ್ನಾನ. ಸಂಗಮದಲ್ಲಿ ನಿಂತಂತೆ ಮೊಣಕಾಲುದ್ದ ನೀರಲ್ಲಿ ನಿಂತು, ಪೂರ್ವಕ್ಕೆ ಮುಖ ಮಾಡಿ, ಚಂಬು ತುಂಬಿ ತಲೆ ಮೇಲೆ ಸುರಿದುಕೊಂಡ. ಸೂರ್ಯ ಪೂರ್ವದಲ್ಲಿದ್ದ, ಸಮುದ್ರ ಬೆನ್ನ ಹಿಂದಿತ್ತು. ತೆರೆ ಬಂದು ಹೋಯಿತು. ಕಾಕಾ ಇದ್ದ, ಚಂಬು ಇರಲಿಲ್ಲ. ಅರ್ಧ ತಾಸು ದಂಡೆಯ ಮೇಲೆ ಕಾದ. ಅಷ್ಟೊಂದು ದೊಡ್ಡದು, ತಾನಾಗಿಯೇ ತಿರುಗಿ ಕೊಡುತ್ತದೆಂದು ಅವನ ನಂಬಿಕೆ.

ಊರಿಗೆ ಬಂದು ಲೆಕ್ಕ ಓದಿದ. ಡೀಸೆಲ್, ಟೋಲ್, ಲಿಫ್ಟು, ರೂಮು, ಡ್ರೈವರ್ ಚಹಾ. ‘ಸಮುದ್ರ ನೋಡಿದ್ದು: ಪುಕ್ಕಟೆ.’ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ: ‘ಸಮುದ್ರದಿಂದ ಬರಬೇಕಾದದ್ದು: ತಾಮ್ರದ ಚಂಬು 1.’

ಈ ಸಲ ಯಳ್ಳಮಾಸಿ ದಿನ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುತ್ತಿದ್ದೆವು. ಕಾಕಾ ಕೈ ತೊಳೆದು ವಹಿ ಬಿಚ್ಚಿದ. “ಯಾರ್‍ಯಾರ್ ಬರ್ತೀರಿ, ಹೆಸರ್ ಹಚ್ರಿ. ವಸೂಲಿಗ್ ಹೋಗ್ಬೇಕು.”